ಪೊಟ್ಟಣ ಹೇಳಬೇಕಾದ ಮಾತು



ನಾಗರಿಕ ಬದುಕಿಗೆ ಸಂಬಂಧಿಸಿದ ವಿಷಯವೊಂದನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ವಿವರಿಸಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕೆ ತಕ್ಕಂತೆ ನಾನು ಇಂದು ಆಯ್ದುಕೊಂಡಿರುವುದು ಎಲ್ಲರ ಮನೆಯಲ್ಲೂ ಇರುವ, ಆದರೆ ಹೆಚ್ಚು ಜನ ಓದದ ಒಂದು ಬರಹವನ್ನು. ಬಿಸ್ಕತ್ತಿನ ಪೊಟ್ಟಣ, ಎಣ್ಣೆ ಕವರ್, ಶಾಂಪೂ ಬಾಟಲಿ, ಹಣ್ಣಿನ ರಸದ ಡಬ್ಬಿ ಯಾವುದನ್ನೇ ತಿರುಗಿಸಿ ನೋಡಿ. ಬೆಲೆ, ತೂಕ, ದಿನಾಂಕಗಳ ಪಕ್ಕದಲ್ಲಿ ಮೂರು ಬಾಣಗಳ ತ್ರಿಕೋನವೋ, ಒಂದು ಅಂಕಿಯೋ, ಬುಟ್ಟಿಗೆ ಕಸ ಹಾಕುವ ಮನುಷ್ಯನ ಚಿತ್ರವೋ ಸಣ್ಣದಾಗಿ ಕಾಣುತ್ತದೆ. ಖಾಲಿಯಾದ ಪೊಟ್ಟಣ ಮುಂದೆ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ನಮಗೆ ಸಿಗುವ ಸೂಚನೆ ಬಹುಮಟ್ಟಿಗೆ ಇಷ್ಟೇ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಪೊಟ್ಟಣದ ಮೇಲಿನ ಗುರುತು ಅದನ್ನು ಯಾವ ಬುಟ್ಟಿಗೆ ಹಾಕಬೇಕೆಂದು ಮನೆಯವರಿಗೆ ನೇರವಾಗಿ ಹೇಳಬೇಕು. ಹಾಗೆ ಹಾಕಿದ್ದು ನಮ್ಮ ಊರಿನ ವ್ಯವಸ್ಥೆಯಲ್ಲಿ ನಿಜಕ್ಕೂ ಮರುಬಳಕೆಯಾಗುವಂತಿದ್ದರೆ ಮಾತ್ರ ಮರುಬಳಕೆಯ ಚಿಹ್ನೆ ಅದರ ಮೇಲಿರಬೇಕು. ಕೇಳಲು ಇವೆರಡೂ ಸರಳ. ಇದನ್ನು ಮನಗಾಣಲು ಮುಂದುವರಿದ ದೇಶಗಳಿಗೇ ಅರ್ಧ ಶತಮಾನ ಹಿಡಿಯಿತು. ನಾವು ಇನ್ನೂ ದಾರಿಯಲ್ಲಿದ್ದೇವೆ.

ಮೂರು ಬಾಣಗಳ ಕತೆ

ಒಂದನ್ನೊಂದು ಹಿಂಬಾಲಿಸುವ ಮೂರು ಬಾಣಗಳ ಚಿಹ್ನೆ ಹುಟ್ಟಿದ್ದು 1970ರಲ್ಲಿ. ಮೊದಲ ಭೂಮಿ ದಿನ ಆಚರಣೆಯಾದ ವರ್ಷ ಅದು. ಅಮೆರಿಕದ ರಟ್ಟಿನ ಪೆಟ್ಟಿಗೆ ತಯಾರಿಸುವ ಕಂಟೇನರ್ ಕಾರ್ಪೊರೇಷನ್ ಆಫ್ ಅಮೆರಿಕ ಎಂಬ ಕಂಪನಿ ವಿದ್ಯಾರ್ಥಿಗಳಿಗೆ ವಿನ್ಯಾಸ ಸ್ಪರ್ಧೆ ಏರ್ಪಡಿಸಿತು. ಗೆದ್ದವರು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಯಾರಿ ಆಂಡರ್ಸನ್ ಎಂಬ 23 ವರ್ಷದ ವಿದ್ಯಾರ್ಥಿ. ಒಳ ಹೊರ ಎಂಬ ಭೇದವಿಲ್ಲದ ಮೋಬಿಯಸ್ ಪಟ್ಟಿಯ ಕಲ್ಪನೆ ಅವರ ಚಿತ್ರಕ್ಕೆ ಆಧಾರವಾಗಿತ್ತು. ಕಾಗದ, ರಟ್ಟುಗಳಿಗೆಂದು ಮೂಡಿದ ಆ ಚಿಹ್ನೆಯನ್ನು ಯಾರು ಬೇಕಾದರೂ ಬಳಸುವಂತಾಯಿತು. ಅದರ ಬಲವೂ ಅದೇ, ದೌರ್ಬಲ್ಯವೂ ಅದೇ. ಯಾರ ಸ್ವತ್ತೂ ಅಲ್ಲದ ಚಿಹ್ನೆಯನ್ನು ಎಲ್ಲರೂ ತಮಗೆ ತೋಚಿದ ಅರ್ಥದಲ್ಲಿ ಬಳಸತೊಡಗಿದರು.

1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘವು ಅದೇ ಬಾಣಗಳ ತ್ರಿಕೋನದೊಳಗೆ 1ರಿಂದ 7ರವರೆಗಿನ ಅಂಕಿಗಳನ್ನು ಕೂಡಿಸಿತು. 1 ಎಂದರೆ ನೀರಿನ ಬಾಟಲಿಯ ಪೆಟ್, 2 ಗಟ್ಟಿ ಪಾಲಿಥಿನ್, 3 ಪಿವಿಸಿ, 4 ಹಾಲಿನ ಕವರಿನಂಥ ತೆಳು ಪಾಲಿಥಿನ್, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಎಂದರೆ ಉಳಿದೆಲ್ಲವೂ. ವಿಂಗಡಿಸುವವರಿಗೆ ಇದು ಯಾವ ಪ್ಲಾಸ್ಟಿಕ್ ಎಂದು ತಿಳಿಯಲಿ ಎಂಬುದಷ್ಟೇ ಉದ್ದೇಶ. ಆ ಅಂಕಿ ವಸ್ತುವಿನ ಜಾತಿಯನ್ನು ಹೇಳುತ್ತಿತ್ತೇ ಹೊರತು ಅದರ ಮುಂದಿನ ಗತಿಯನ್ನಲ್ಲ. ಕೊಳ್ಳುವವರ ಕಣ್ಣಿಗೆ ಬಿದ್ದದ್ದು ಅಂಕಿಯಲ್ಲ, ಬಾಣಗಳು. ಬಾಣ ಇದೆ ಎಂದರೆ ಮರುಬಳಕೆಯಾಗುತ್ತದೆ ಎಂದೇ ಜನ ನಂಬಿದರು. ಈ ಗೊಂದಲ ತಪ್ಪಿಸಲು 2013ರಲ್ಲಿ ಮಾನಕ ಸಂಸ್ಥೆಯಾದ ಎಎಸ್‌ಟಿಎಂ ಬಾಣಗಳನ್ನು ತೆಗೆದು ಬರಿಯ ತ್ರಿಕೋನವನ್ನು ಉಳಿಸಿತು. ಅಷ್ಟರಲ್ಲಿ ಹಳೆಯ ಅಚ್ಚುಗಳು ಜಗತ್ತಿನ ಮೂಲೆಮೂಲೆಗೂ ಹೋಗಿದ್ದವು. ಇಂದಿಗೂ ನಮ್ಮ ಅಡುಗೆಮನೆಯ ಡಬ್ಬಿಗಳ ತಳದಲ್ಲಿ ಹೆಚ್ಚಾಗಿ ಕಾಣುವುದು ಆ ಬಾಣಗಳೇ.

ಜರ್ಮನಿಯ ಹಸಿರು ಬಿಂದುವಿನ ಕತೆಯೂ ಇಂಥದ್ದೇ. 1991ರಲ್ಲಿ ಅಲ್ಲಿ ಬಂದ ಕಾನೂನು ಪೊಟ್ಟಣದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿತು. ಸಂಗ್ರಹಣಾ ವ್ಯವಸ್ಥೆಗೆ ಶುಲ್ಕ ಕಟ್ಟಿದ ಕಂಪನಿ ಎರಡು ಬಾಣಗಳು ಸುತ್ತಿಕೊಂಡ ಹಸಿರು ವೃತ್ತವನ್ನು ಮುದ್ರಿಸಬಹುದಾಗಿತ್ತು. ಅದು ಹಣ ಕಟ್ಟಿದ್ದಕ್ಕೆ ರಸೀದಿ. ಯುರೋಪಿನ ಬಹಳಷ್ಟು ಜನ ಅದನ್ನು ಮರುಬಳಕೆಯ ಮುದ್ರೆ ಎಂದೇ ಓದಿಕೊಂಡರು. ಕಾನೂನು ಕೆಲಸ ಮಾಡಿತು. ಚಿಹ್ನೆ ಮಾತ್ರ ತಾನು ಹೇಳದ ಮಾತನ್ನು ಹೇಳಿದಂತಾಯಿತು.

ವಿಂಗಡಣೆಯ ಮೇಜಿನಲ್ಲಿ

ಈಗ ನಮ್ಮ ಊರಿಗೆ ಬರೋಣ. ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರು ಹಳ್ಳಿಗಳ ಜನ ಬೆಂಗಳೂರಿನ ಕಸ ನಮಗೆ ಬೇಡ ಎಂದು ಪಟ್ಟು ಹಿಡಿದ ಮೇಲೆ ನಗರಕ್ಕೆ ವಿಂಗಡಣೆಯ ಬಿಸಿ ತಟ್ಟಿತು. ಹೈಕೋರ್ಟಿನ ಆದೇಶದಂತೆ 2015ರ ಕೊನೆಯಲ್ಲಿ ‘ಎರಡು ಬುಟ್ಟಿ, ಒಂದು ಚೀಲ’ ಎಂಬ ಪದ್ಧತಿ ಬಂತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಡಯಾಪರ್ ಮತ್ತು ಪ್ಯಾಡಿನಂಥ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ವಾರ್ಡುಗಳಲ್ಲಿ ಒಣ ಕಸ ಸಂಗ್ರಹಣಾ ಕೇಂದ್ರಗಳು ತೆರೆದವು. ಅವುಗಳಲ್ಲಿ ಹಲವನ್ನು ನಡೆಸುತ್ತಿರುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ. ‘ಹಸಿರು ದಳ’ದಂಥ ಸಂಘಟನೆಗಳು ಅವರ ಬೆನ್ನಿಗೆ ನಿಂತವು, ಪಾಲಿಕೆಯಿಂದ ಅವರಿಗೆ ಗುರುತಿನ ಚೀಟಿಗಳೂ ಸಿಕ್ಕವು.

ಅಂಥ ಕೇಂದ್ರವೊಂದರಲ್ಲಿ ವಿಂಗಡಿಸುವ ಮಹಿಳೆಯರ ಪಕ್ಕ ಕೂತು ನೋಡಿದರೆ ಗುರುತುಗಳ ನಿಜವಾದ ಪರೀಕ್ಷೆ ಅಲ್ಲಿ ನಡೆಯುವುದು ಕಾಣುತ್ತದೆ. ಚೀಲ ಸುರಿದ ಕೂಡಲೇ ಕೈಗಳು ಓಡುತ್ತವೆ. ರಟ್ಟು ಒಂದು ಕಡೆ, ಬಣ್ಣವಿಲ್ಲದ ಬಾಟಲಿ ಒಂದು ಕಡೆ, ಹಸಿರು ಬಾಟಲಿ ಇನ್ನೊಂದು ಕಡೆ, ಹಾಲಿನ ಕವರ್ ಬೇರೆ, ಎಣ್ಣೆ ಕವರ್ ಬೇರೆ. ಅನುಮಾನ ಬಂದ ಡಬ್ಬಿಯನ್ನು ಅಂಚಿನಲ್ಲಿ ಬಾಗಿಸುತ್ತಾರೆ. ಸುಮ್ಮನೆ ಬಾಗಿದರೆ ಒಂದು ಜಾತಿ, ಬೆಳ್ಳಗಾಗಿ ಗೆರೆ ಮೂಡಿದರೆ ಮತ್ತೊಂದು, ಚಟ್ಟನೆ ಮುರಿದರೆ ಇನ್ನೊಂದು. ಕವರನ್ನು ಮುದುಡಿ ಸದ್ದು ಕೇಳುತ್ತಾರೆ. ಇಷ್ಟೂ ಹೊತ್ತಿನಲ್ಲಿ ತಳದ ಅಂಕಿಯನ್ನು ನೋಡಿದವರು ಯಾರೂ ಇರಲಿಲ್ಲ. ಏಕೆಂದು ಒಬ್ಬಾಕೆಯನ್ನು ಕೇಳಿದೆ. ಅವರು ಒಂದು ಮೊಸರಿನ ಲೋಟವನ್ನು ತಿರುಗಿಸಿ ನನ್ನ ಕೈಗಿತ್ತು, “ನೀವೇ ಓದಿ ನೋಡಿ ಸಾರ್” ಎಂದರು. ಬಿಳಿಯ ಪ್ಲಾಸ್ಟಿಕ್ಕಿನ ಮೇಲೆ ಬಿಳಿಯ ಉಬ್ಬು, ಅದೂ ಕಡಲೆಬೇಳೆಯಷ್ಟು. ಬೆಳಕಿಗೆ ಓರೆಯಾಗಿ ಹಿಡಿದಾಗ 5 ಎಂದು ಕಂಡಿತು. ಅಷ್ಟರಲ್ಲಿ ಅವರು ಹತ್ತಾರು ಲೋಟಗಳನ್ನು ಸರಿಯಾದ ಚೀಲಕ್ಕೆ ಎಸೆದಾಗಿತ್ತು.

ಇವರಿಗೆ ಅಂಕಿ ಬೇಕಿಲ್ಲ. ಮನೆಯವರು ಕೊಡುವಾಗಲೇ ಒಣಗಿರುವ, ಅನ್ನ ಸಾರು ಮೆತ್ತದ, ಬೇರ್ಪಡಿಸಿದ ಪೊಟ್ಟಣ ಬೇಕು. ತೊಳೆದ ಹಾಲಿನ ಕವರಿಗೆ ಗುಜರಿಯಲ್ಲಿ ಬೆಲೆಯಿದೆ. ಹಾಲು ಉಳಿದು ನಾರುವ ಕವರ್ ಬೆಲೆ ಕಳೆದುಕೊಳ್ಳುತ್ತದೆ. ಜೊತೆಗಿದ್ದ ಕಾಗದವನ್ನೂ ಹಾಳುಮಾಡುತ್ತದೆ. ಹಾಗಾಗಿ ಗುರುತು ಮಾತನಾಡಬೇಕಾದ ಜಾಗ ವಿಂಗಡಣೆಯ ಮೇಜಲ್ಲ, ನಮ್ಮ ನಿಮ್ಮ ಅಡುಗೆಮನೆ. ಪಾತ್ರೆ ತೊಳೆದ ನೀರಿನಲ್ಲೇ ಕವರನ್ನು ಒಮ್ಮೆ ಜಾಲಿಸಿ ಒಣಗಲು ಹಾಕಿದರೆ ಸಾಕು ಎಂಬ ಒಂದು ಸಾಲು ಆ ಏಳು ಅಂಕಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡೇ ಇರಲು ಬಿಡಿ ಎಂಬ ಇನ್ನೊಂದು ಸಾಲೂ ಅಷ್ಟೇ ಮುಖ್ಯ. ಕತ್ತರಿಸಿ ಬಿದ್ದ ಚೂರನ್ನು ಯಾರ ಕೈಯೂ ಆಯಲಾರದು. ಅದು ಸೀದಾ ಮೋರಿಗೆ ಹೋಗುತ್ತದೆ.

ಒಂದು ಬಾಟಲಿಯಲ್ಲಿ ಮೂರು ವಸ್ತು

ನಾವು ಒಂದು ಎಂದುಕೊಂಡ ಪೊಟ್ಟಣ ಹಲವು ವಸ್ತುಗಳ ಜೋಡಣೆಯಾಗಿರುತ್ತದೆ. ತಂಪು ಪಾನೀಯದ ಬಾಟಲಿಯ ಮೈ ಪೆಟ್. ಮುಚ್ಚಳ ಗಟ್ಟಿ ಪಾಲಿಥಿನ್ ಅಥವಾ ಪಾಲಿಪ್ರೊಪಿಲೀನ್. ಸುತ್ತಿದ ಚೀಟಿ ಮತ್ತೊಂದು ಪ್ಲಾಸ್ಟಿಕ್. ಕಾರ್ಖಾನೆಯಲ್ಲಿ ಬಾಟಲಿಯನ್ನು ಚೂರು ಮಾಡಿ ನೀರಿನ ತೊಟ್ಟಿಗೆ ಸುರಿಯುತ್ತಾರೆ. ಮುಚ್ಚಳದ ಚೂರು ತೇಲುತ್ತದೆ, ಪೆಟ್ ಮುಳುಗುತ್ತದೆ, ನೀರೇ ವಿಂಗಡಿಸಿಬಿಡುತ್ತದೆ. ಆದರೆ ಮೈಗಂಟಿದ ಚೀಟಿ ಪಿವಿಸಿಯದಾಗಿದ್ದರೆ ಅದೂ ಪೆಟ್ ಜೊತೆಯಲ್ಲೇ ಮುಳುಗುತ್ತದೆ, ಏಕೆಂದರೆ ಎರಡರ ಸಾಂದ್ರತೆಯೂ ಹತ್ತಿರಹತ್ತಿರ. ಪೆಟ್ ಕರಗುವ ಸುಮಾರು 260 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪಿವಿಸಿ ಕಮರಿ ಆಮ್ಲ ಬಿಡುತ್ತದೆ. ಸ್ವಲ್ಪವೇ ಸೇರಿದ್ದರೂ ಇಡೀ ಸರಕು ಹಳದಿಗಟ್ಟಿ ಕಪ್ಪು ಚುಕ್ಕೆ ಬೀಳುತ್ತದೆ. ‘ಚೀಟಿ ಬಿಚ್ಚಿ ಹಾಕಿ’ ಎಂದು ಬಾಟಲಿಯ ಮೇಲೆಯೇ ಬರೆದಿದ್ದರೆ ಈ ತೊಂದರೆ ಮನೆಯಲ್ಲೇ ಕಳೆಯುತ್ತಿತ್ತು.

ಹಣ್ಣಿನ ರಸದ ಡಬ್ಬಿಯನ್ನು ಕಾಗದ ಎನ್ನೋಣವೇ, ಪ್ಲಾಸ್ಟಿಕ್ ಎನ್ನೋಣವೇ? ಅದರಲ್ಲಿ ಬಹುಪಾಲು ರಟ್ಟು, ಒಳಗೆ ಪಾಲಿಥಿನ್ ಪದರಗಳು, ನಡುವೆ ಕೂದಲೆಳೆಗಿಂತ ತೆಳುವಾದ ಅಲ್ಯೂಮಿನಿಯಂ. ತಕ್ಕ ಕಾಗದದ ಗಿರಣಿ ಸಿಕ್ಕರೆ ನೀರಿನಲ್ಲಿ ಕಡೆದು ನಾರನ್ನು ಬಿಡಿಸುತ್ತಾರೆ. ಚಿಪ್ಸ್ ಪೊಟ್ಟಣದ ಹಣೆಬರಹ ಬೇರೆ. ಬೇರೆಬೇರೆ ಹಾಳೆಗಳನ್ನು ಅಂಟಿಸಿ ಲೋಹದ ಹೊಳಪು ಕೊಟ್ಟ ಅದನ್ನು ಬಿಡಿಸಿ ತೆಗೆಯುವುದು ಇಂದಿನ ಸ್ಥಿತಿಯಲ್ಲಿ ಯಾರಿಗೂ ಲಾಭದ ಕೆಲಸವಲ್ಲ. ಅದರಲ್ಲಿ ಒಂದಿಷ್ಟು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಇಂಧನವಾಗಿ ಹೋಗುತ್ತದೆ. ಬಯಲಲ್ಲಿ ಸುಡುವುದಕ್ಕಿಂತ ಇದು ಮೇಲು, ಒಪ್ಪೋಣ. ಆದರೆ ಸುಟ್ಟದ್ದನ್ನು ಮರುಬಳಕೆ ಎಂದು ಕರೆಯಲಾಗದು.

ಗೊಬ್ಬರವಾಗುವ ಪ್ಲಾಸ್ಟಿಕ್ ಎಂಬ ಹೊಸ ಬಗೆಯದು ಇನ್ನೊಂದು ತೊಡಕು. ಕಣ್ಣಿಗೆ ಮಾಮೂಲಿ ಕವರಿನಂತೆಯೇ ಕಾಣುವ ಇದರಲ್ಲಿ ಹಲವು ಕೊಳೆಯಬೇಕಾದರೆ ಗೊಬ್ಬರದ ಘಟಕದ ಅರವತ್ತು ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ಹಿತ್ತಲ ಗುಂಡಿಯಲ್ಲಿ ಅದು ಸುಮ್ಮನೆ ಬಿದ್ದಿರಬಹುದು. ಒಣ ಕಸಕ್ಕೆ ಸೇರಿದರೆ ಒಳ್ಳೆಯ ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ. ಹಸಿ ಕಸಕ್ಕೆ ಹಾಕಿದರೆ ಪ್ಲಾಸ್ಟಿಕ್ ಎಂದು ಆಯ್ದು ಬಿಸಾಡುತ್ತಾರೆ. ಸ್ಪಷ್ಟ ಗುರುತಿಲ್ಲದೆ ಇದು ಎಲ್ಲಿಯೂ ಸಲ್ಲದು. ಫ್ರಾನ್ಸ್ 2020ರ ಕಾನೂನಿನಲ್ಲಿ ಪೊಟ್ಟಣದ ಮೇಲೆ ‘ಜೈವಿಕವಾಗಿ ಕೊಳೆಯುವಂಥದ್ದು’ ಎಂದು ಹೇಳಿಕೊಳ್ಳುವುದನ್ನೇ ನಿಷೇಧಿಸಿದ್ದು ಇಂಥ ಗೊಂದಲ ಕಂಡೇ.

ಹೊರಗಿನವರು ಕಲಿತ ಪಾಠ

ಜಪಾನಿನಲ್ಲಿ 2001ರಿಂದ ಪ್ಲಾಸ್ಟಿಕ್ ಮತ್ತು ಕಾಗದದ ಪೊಟ್ಟಣಗಳ ಮೇಲೆ ಗುರುತು ಕಡ್ಡಾಯ. ಪ್ಲಾಸ್ಟಿಕ್ಕಿಗೆ ಜಪಾನಿ ಲಿಪಿಯಲ್ಲೇ ‘ಪುರ’ ಎಂಬ ಎರಡಕ್ಷರ, ಕಾಗದಕ್ಕೆ ‘ಕಾಮಿ’. ಮುಚ್ಚಳ, ಚೀಟಿ, ಒಳಚೀಲ ಎಂದು ಭಾಗಭಾಗದ ಹೆಸರು ಬರೆದು ಯಾವುದು ಯಾವ ವಸ್ತು ಎಂದು ತಿಳಿಸುತ್ತಾರೆ. ಜನ ತಮ್ಮ ಭಾಷೆಯಲ್ಲಿ ಓದಿ, ಬಿಚ್ಚಿ, ಬೇರೆಬೇರೆ ಇಡುತ್ತಾರೆ.

ಬ್ರಿಟನ್ನಿನಲ್ಲಿ 2009ರಲ್ಲಿ ಬಂದ ಗುರುತಿನಲ್ಲಿ ‘ನಿಮ್ಮ ಸ್ಥಳೀಯ ಆಡಳಿತವನ್ನು ವಿಚಾರಿಸಿ’ ಎಂಬ ವರ್ಗವೊಂದಿತ್ತು. ಬುಟ್ಟಿಯ ಮುಂದೆ ನಿಂತವರು ಯಾರನ್ನು ವಿಚಾರಿಸುತ್ತಾರೆ? ಮುಂದೆ ಅದನ್ನು ಕೈಬಿಟ್ಟು ‘ಮರುಬಳಕೆಗೆ ಹಾಕಿ’, ‘ಹಾಕಬೇಡಿ’ ಎಂಬ ಎರಡೇ ಸೂಚನೆಗಳಿಗೆ ಬಂದರು.

ಚೀನಾ 2018ರ ಆರಂಭದಿಂದ ಹೊರದೇಶಗಳ ಪ್ಲಾಸ್ಟಿಕ್ ಕಸವನ್ನು ನಿಲ್ಲಿಸಿದಾಗ ಶ್ರೀಮಂತ ದೇಶಗಳ ಎಷ್ಟೋ ಮರುಬಳಕೆ ಹಡಗು ಹತ್ತಿಸುವುದರಲ್ಲೇ ಮುಗಿಯುತ್ತಿತ್ತು ಎಂಬುದು ಬಯಲಾಯಿತು. 2021ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿ, ರಾಜ್ಯದ ಶೇ 60ರಷ್ಟು ಜನರಿಗಾದರೂ ಸಂಗ್ರಹಣೆಯ ಅನುಕೂಲವಿಲ್ಲದ ವಸ್ತುವಿನ ಮೇಲೆ ಮೂರು ಬಾಣಗಳನ್ನು ಹಾಕಕೂಡದು ಎಂದಿತು. ಚಿಹ್ನೆಯನ್ನು ವಾಸ್ತವಕ್ಕೆ ಕಟ್ಟಿಹಾಕಿದ ನಿಯಮ ಇದು.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಡೆನ್ಮಾರ್ಕಿನಲ್ಲಿ ಮೊದಲಾಗಿ ಅಕ್ಕಪಕ್ಕದ ನಾರ್ಡಿಕ್ ದೇಶಗಳಿಗೆ ಹಬ್ಬಿದ ಪದ್ಧತಿ. ಒಂದೊಂದು ಬಗೆಯ ಕಸಕ್ಕೆ ಒಂದು ಬಣ್ಣ, ಒಂದು ಚಿತ್ರ. ಪೊಟ್ಟಣದ ಮೇಲೆ ಯಾವ ಚಿತ್ರವೋ ಬುಟ್ಟಿಯ ಮೇಲೂ ಅದೇ. ಎರಡನ್ನೂ ಹೊಂದಿಸಿ ಹಾಕಿದರಾಯಿತು. ಓದು ಬರಹ ಬೇಕಿಲ್ಲ, ವಲಸೆ ಬಂದವರಿಗೆ ಭಾಷೆಯೂ ಬೇಕಿಲ್ಲ. ಯುರೋಪಿನ ಒಕ್ಕೂಟ 2025ರಲ್ಲಿ ಜಾರಿಗೆ ತಂದ ಪೊಟ್ಟಣಗಳ ಹೊಸ ನಿಯಮವೂ ಇದೇ ಹಾದಿ ಹಿಡಿದಿದೆ. ಪೊಟ್ಟಣಕ್ಕೂ ಬುಟ್ಟಿಗೂ ಹೊಂದುವ ಒಂದೇ ಬಗೆಯ ಗುರುತನ್ನು 2028ರಿಂದ ಒಕ್ಕೂಟದಾದ್ಯಂತ ತರುವುದು ಅದರ ಗುರಿ.

ನಮ್ಮ ನಿಯಮ ಯಾರೊಡನೆ ಮಾತನಾಡುತ್ತದೆ?

ನಮ್ಮ ದೇಶದಲ್ಲಿ ನಿಯಮಗಳಿಗೆ ಕೊರತೆಯಿಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಪ್ಲಾಸ್ಟಿಕ್ ಚೀಲ, ಪೊಟ್ಟಣಗಳ ಮೇಲೆ ತಯಾರಕರ ಹೆಸರು, ನೋಂದಣಿ ಸಂಖ್ಯೆ, ದಪ್ಪ ಎಷ್ಟು ಮೈಕ್ರಾನ್ ಎಂಬುದು ಇರಬೇಕೆಂದವು. ಅದೂ ಇಂಗ್ಲಿಷಿನಲ್ಲಿ. 2022ರಲ್ಲಿ ತಯಾರಕರ ವಿಸ್ತೃತ ಹೊಣೆಗಾರಿಕೆಯ ಮಾರ್ಗಸೂಚಿ ಬಂದು ಪೊಟ್ಟಣಗಳನ್ನು ಗಟ್ಟಿ, ಮೆತ್ತನೆಯ, ಬಹುಪದರ, ಗೊಬ್ಬರವಾಗುವ ಎಂದು ನಾಲ್ಕು ವರ್ಗ ಮಾಡಿತು. 2025ರ ಜುಲೈ 1ರಿಂದ ಹೆಸರು, ನೋಂದಣಿ ಸಂಖ್ಯೆಯಂಥ ವಿವರಗಳನ್ನು ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಮೂಲಕವೂ ಕೊಡಬಹುದು.

ಇವೆಲ್ಲ ಬೇಕಾದವೇ. ನೋಂದಣಿ ಸಂಖ್ಯೆಯಿಂದ ಅಧಿಕಾರಿಗೆ ಕಳ್ಳ ಸರಕು ಹಿಡಿಯಲು ಅನುಕೂಲ; ಮೈಕ್ರಾನ್ ಲೆಕ್ಕದಿಂದ ತೆಳು ಚೀಲದ ನಿಷೇಧ ಜಾರಿಗೆ ಅನುಕೂಲ. ಆದರೆ ಇವು ಸರ್ಕಾರ ಮತ್ತು ಕಂಪನಿಗಳ ನಡುವಿನ ಮಾತುಕತೆ. ಬೆಳಿಗ್ಗೆ ಕಸದ ಗಾಡಿಯ ಹಾಡು ಕೇಳಿ ಎರಡು ಕೈಯಲ್ಲಿ ಬುಟ್ಟಿ ಹಿಡಿದು ಓಡುವ ಗೃಹಿಣಿಯೊಡನೆ ಈ ಬರಹಗಳಲ್ಲಿ ಒಂದೂ ಮಾತನಾಡುವುದಿಲ್ಲ. ಅವರು ಮೊಬೈಲ್ ತೆಗೆದು ಕೋಡ್ ಸ್ಕ್ಯಾನ್ ಮಾಡಲಿ ಎನ್ನುವುದು ಆಗದ ಮಾತು. ಬುಟ್ಟಿಗೆ ಕಸ ಹಾಕುವ ಮನುಷ್ಯನ ಚಿತ್ರವನ್ನೇ ನೋಡಿ: ಅಲ್ಲಿರುವುದು ಒಂದೇ ಬುಟ್ಟಿ. ಮನೆಯಲ್ಲಿ ಬುಟ್ಟಿಗಳು ಹೆಚ್ಚಾದರೂ ಚಿತ್ರ ಬದಲಾಗಿಲ್ಲ.

ಹಸಿರು ಚುಕ್ಕೆಯ ಮೇಲ್ಪಂಕ್ತಿ

ಇದು ನಮ್ಮಿಂದ ಆಗದ ಕೆಲಸವೇ? ಖಂಡಿತ ಅಲ್ಲ. ಆಹಾರದ ಪೊಟ್ಟಣಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಗುರುತು ಇರಬೇಕೆಂಬ ನಿಯಮ 2001ರಲ್ಲಿ ಬಂತು. ಇಂದು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ಚುಕ್ಕೆ ನೋಡುತ್ತಾರೆ. ದೊಡ್ಡ ಕಂಪನಿಯೂ ಮುದ್ರಿಸುತ್ತದೆ, ಹಳ್ಳಿಯ ಸ್ತ್ರೀಶಕ್ತಿ ಸಂಘದ ಹಪ್ಪಳದ ಕವರಿನ ಮೇಲೂ ಕಾಣುತ್ತದೆ. ಹಸಿರು ಕಂದುಗಳ ಭೇದ ಕಾಣದ ವರ್ಣಾಂಧರಿಗೆ ಕಷ್ಟವೆಂದು ತಿಳಿದಾಗ ಕಂದು ಚುಕ್ಕೆಯನ್ನು ತ್ರಿಕೋನವಾಗಿಸಿದರು. ಬಣ್ಣದ ಜೊತೆ ಆಕಾರವೂ ಬೇಕೆಂಬ ವಿವೇಕ ನಮ್ಮ ನಿಯಮದೊಳಗೇ ಇದೆ. ಊಟದ ವಿಷಯದಲ್ಲಿ ಇಷ್ಟು ಚೊಕ್ಕವಾಗಿ ಮಾಡಿದ್ದನ್ನು ಕಸದ ವಿಷಯದಲ್ಲೂ ಮಾಡಬಹುದು.

ಕನ್ನಡದ ಮಟ್ಟಿಗೆ ಒಂದು ಆಧಾರವೂ ಸಿದ್ಧವಾಗಿದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಈ ಬಗ್ಗೆ ಆದೇಶವನ್ನೂ ಹೊರಡಿಸಿತು. ಪೊಟ್ಟಣವನ್ನು ತೆರೆಯುವುದು ಬಳಕೆಯಾದರೆ ಅದನ್ನು ಸರಿಯಾಗಿ ವಿಲೇವಾರಿ ಮಾಡುವುದೂ ಬಳಕೆಯ ಕೊನೆಯ ಹಂತವೇ. ಬಳಕೆಯ ಸೂಚನೆಯಲ್ಲಿ ಇದೂ ಸೇರಲಿ.

ಎರಡು ಆಕ್ಷೇಪಗಳು

ಗುರುತು ಹಾಕುವುದೆಂದರೆ ಕಂಪನಿಯ ಹೊಣೆಯನ್ನು ಮನೆಯವರ ತಲೆಗೆ ಕಟ್ಟುವುದು ಎನ್ನುವವರಿದ್ದಾರೆ. ಅವರ ಆತಂಕ ನಿಜ. ಮೂರು ಬಾಣಗಳ ಕತೆಯೇ ಅದಕ್ಕೆ ಸಾಕ್ಷಿ. ಆದರೆ ಪ್ರಾಮಾಣಿಕ ಗುರುತು ಹೊಣೆಯನ್ನು ತಯಾರಕರ ಕಡೆಗೇ ತಿರುಗಿಸುತ್ತದೆ. ‘ಇದು ಮರುಬಳಕೆಯಾಗುವುದಿಲ್ಲ’ ಎಂದು ತನ್ನದೇ ಪೊಟ್ಟಣದ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಮುದ್ರಿಸಬೇಕಾಗಿ ಬಂದ ಕಂಪನಿ, ಪದರಗಳನ್ನು ಕಡಿಮೆ ಮಾಡಿ ಒಂದೇ ಜಾತಿಯ ಪ್ಲಾಸ್ಟಿಕ್ ಬಳಸುವ ದಾರಿಯನ್ನು ಬೇಗ ಹುಡುಕುತ್ತದೆ. ಸುಳ್ಳು ಹೇಳಲು ಅವಕಾಶವಿರುವವರೆಗೆ ಬದಲಾವಣೆಗೆ ಅವಸರವಿರುವುದಿಲ್ಲ.

ಸಣ್ಣ ತಯಾರಕರಿಗೆ ಇದು ಹೊರೆಯಾಗದೇ ಎಂಬುದು ಎರಡನೆಯ ಪ್ರಶ್ನೆ. ಉಪ್ಪಿನಕಾಯಿ, ಚಟ್ನಿಪುಡಿ ಮಾಡುವವರು ಕವರನ್ನು ತಾವೇ ತಯಾರಿಸುವುದಿಲ್ಲ, ಮಾರುಕಟ್ಟೆಯಿಂದ ಕೊಳ್ಳುತ್ತಾರೆ. ಕವರ್ ತಯಾರಿಸುವ ಕಾರ್ಖಾನೆಯೇ ರೋಲಿನ ಮೇಲೆ ಗುರುತು ಮುದ್ರಿಸಿ ಕೊಡಬೇಕೆಂದು ನಿಯಮ ಮಾಡಿದರೆ ಸಣ್ಣವರಿಗೆ ತೊಂದರೆಯಿಲ್ಲ.

ಆಗಬೇಕಾದ ಕೆಲಸ

ಇಷ್ಟು ಹೇಳಿದ ಮೇಲೆ ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇನೆ.

ಒಂದು, ಪೊಟ್ಟಣದ ಮೇಲೆ ಬುಟ್ಟಿಯ ಬಣ್ಣ ಮತ್ತು ಚಿತ್ರ ಇರಲಿ. ಅದೇ ಬಣ್ಣ, ಅದೇ ಚಿತ್ರ ಮನೆಯ ಬುಟ್ಟಿ, ಕಸದ ಗಾಡಿ, ಸಂಗ್ರಹಣಾ ಕೇಂದ್ರಗಳ ಮೇಲೂ ಇರಲಿ. ಇದಕ್ಕಾಗಿ ರಾಜ್ಯದ ಎಲ್ಲ ಊರುಗಳ ಬುಟ್ಟಿಗಳ ಬಣ್ಣ ಮೊದಲು ಒಂದಾಗಬೇಕು.

ಎರಡು, ಮಾಡಬೇಕಾದ ಕೆಲಸವನ್ನು ಕನ್ನಡದಲ್ಲಿ ನಾಲ್ಕೈದು ಪದಗಳಲ್ಲಿ ಬರೆಯಲಿ: ‘ಜಾಲಿಸಿ, ಒಣಗಿಸಿ, ಒಣ ಕಸಕ್ಕೆ ಹಾಕಿ’, ‘ಚೀಟಿ ಬಿಚ್ಚಿ ಹಾಕಿ’.

ಮೂರು, ಮರುಬಳಕೆಯ ಬಾಣಗಳು ನಿಜಕ್ಕೂ ಸಂಗ್ರಹವಾಗಿ, ಮಾರಾಟವಾಗಿ, ಹೊಸ ವಸ್ತುವಾಗುವ ಪೊಟ್ಟಣಕ್ಕೆ ಮಾತ್ರ ಸಿಗಲಿ. ಸಿಮೆಂಟ್ ಗೂಡಿಗೆ ಹೋಗುವುದನ್ನು ಗೂಡಿಗೆ ಹೋಗುತ್ತದೆ ಎಂದೇ ಹೇಳಲಿ.

ನಾಲ್ಕು, ಯಾವುದಕ್ಕೆ ಯಾವ ಗುರುತು ಎಂದು ತೀರ್ಮಾನಿಸುವ ಸಮಿತಿಯಲ್ಲಿ ವಿಂಗಡಿಸುವ ಕೆಲಸಗಾರರು ಕೂರಲಿ. ಯಾವ ಪೊಟ್ಟಣ ಮಾರಾಟವಾಗುತ್ತದೆ, ಯಾವುದು ಮೂಲೆಯಲ್ಲಿ ರಾಶಿ ಬೀಳುತ್ತದೆ ಎಂಬುದನ್ನು ಅವರಷ್ಟು ಖಚಿತವಾಗಿ ಬಲ್ಲವರು ಬೇರಿಲ್ಲ.

ಇದಕ್ಕೆ ದೆಹಲಿಯ ಆದೇಶಕ್ಕಾಗಿ ಕಾಯಬೇಕಿಲ್ಲ. ಕರ್ನಾಟಕ ಹಾಲು ಮಹಾಮಂಡಳದ ನಂದಿನಿ ಹಾಲಿನ ಕವರ್ ರಾಜ್ಯದ ಲಕ್ಷಾಂತರ ಮನೆಗಳ ಬಾಗಿಲಿಗೆ ಪ್ರತಿದಿನ ಬರುತ್ತದೆ. ಅದು ಒಂದೇ ಜಾತಿಯ ಪ್ಲಾಸ್ಟಿಕ್, ಕೊಳ್ಳುವವರಿದ್ದಾರೆ, ಮರುಬಳಕೆಯಾಗುತ್ತದೆ, ಸಂಸ್ಥೆಯೂ ರೈತರದೇ. ಮೊದಲ ಕನ್ನಡ ಗುರುತು ಆ ಕವರಿನ ಮೇಲೆ ಬರಲಿ. ಒಂದೇ ವರ್ಷದಲ್ಲಿ ಮನೆಮನೆಯ ಮಕ್ಕಳೂ ಅದನ್ನು ಕಲಿಯುತ್ತಾರೆ. ಉಳಿದ ಕಂಪನಿಗಳಿಗೆ ‘ಆಗದು’ ಎನ್ನಲು ನೆಪ ಉಳಿಯುವುದಿಲ್ಲ.

ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ನಿಮ್ಮ ಹಾಸ್ಟೆಲಿನಲ್ಲಿ, ಮನೆಯಲ್ಲಿ ಒಂದು ವಾರದ ಪೊಟ್ಟಣಗಳನ್ನು ಕೂಡಿಡಿ. ಯಾವುದರ ಮೇಲೆ ಏನು ಬರೆದಿದೆ, ಹತ್ತಿರದ ಒಣ ಕಸ ಕೇಂದ್ರದಲ್ಲಿ ಅದರ ಗತಿಯೇನು ಎಂದು ಪಟ್ಟಿ ಮಾಡಿ. ಆ ಪಟ್ಟಿಯನ್ನು ಪಾಲಿಕೆಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ, ಪೊಟ್ಟಣದ ಮೇಲೆ ವಿಳಾಸವಿರುವ ಕಂಪನಿಗೆ ಕಳಿಸಿ. ಪ್ರತಿ ಪೊಟ್ಟಣದ ಮೇಲೂ ಗ್ರಾಹಕರ ದೂರಿಗೆಂದು ವಿಳಾಸ ಇರಲೇಬೇಕು. ನಾವು ಅದನ್ನು ಬಳಸುವುದು ಕಡಿಮೆ. ಕೊಳ್ಳುವವರು ಕೇಳದ ಪ್ರಶ್ನೆಗೆ ಮಾರುವವರು ಉತ್ತರ ಕೊಡುವುದಿಲ್ಲ. ಆದ್ದರಿಂದ ಮೊದಲು ಕೇಳೋಣ, ಕನ್ನಡದಲ್ಲೇ ಕೇಳೋಣ.